ಕೊಲ್ಲಾಪುರದ ಮೊದಲ ಮನೆ

ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದ ಕಾಲದಲ್ಲಿ ಕಾಲೇಜಿನ ಓದೆಂದರೆ ಪರಸ್ಥಳವಾಸವೇ ಸರಿ. ಮೆಟ್ರಿಕ್ ಮುಗಿಸಿದ ಬಾಲಕನು ಕುಡಚಿಯಲ್ಲಿ ರೈಲು ಹತ್ತಿ, ಮೀರಜಿನಲ್ಲಿ ಗಾಡಿ ಬದಲಿಸಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನ ಬಾಗಿಲಲ್ಲಿ ನಿಲ್ಲುತ್ತಿದ್ದನು. ಪ್ರವೇಶವೇನೋ ದೊರೆಯುತ್ತಿತ್ತು, ಊಟವೆಲ್ಲಿ? ರಬಕವಿ-ಬನಹಟ್ಟಿಯ ನೇಕಾರನು ಸೀರೆ ಮಾರಿ ಫೀ ಹೊಂದಿಸಬಹುದು. ಬೀಳಗಿಯ ಒಕ್ಕಲಿಗನು ಜೋಳ ಮಾರಿ ಪುಸ್ತಕ ಕೊಡಿಸಬಹುದು. ತಿಂಗಳು ತಿಂಗಳೂ ಖಾನಾವಳಿಯ ಹಣವೆಂದರೆ ಮನೆಯೇ ಬರಿದಾಗುವ ಮಾತು. ಅದೂ ಆಯಿತೆನ್ನಿ, ಮರಾಠಿ ಊರಿನಲ್ಲಿ ಕನ್ನಡ ಬಾಯಿಯ ಹುಡುಗನಿಗೆ ಲಿಂಗಪೂಜೆಗೊಂದು ಮೂಲೆ ಬೇಡವೇ? ಎಷ್ಟೋ ಮಂದಿಯ ವಿದ್ಯೆ ಬುದ್ಧಿಯ ಕೊರತೆಯಿಂದಲ್ಲ, ರೊಟ್ಟಿಯ ಕೊರತೆಯಿಂದ ನಿಂತುಹೋಯಿತು.

ಛತ್ರಪತಿ ಶಾಹೂ ಮಹಾರಾಜರು ಈ ಸಂಕಟವನ್ನು ಅರಿತಿದ್ದರು. 1901ರಲ್ಲಿ ಮರಾಠರಿಗೂ ಜೈನರಿಗೂ ವಸತಿಗೃಹಗಳಾದವು. 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿ ವಸತಿಗೃಹವು ತೆರೆಯಿತು. ಗಡಿಯಾಚೆ ಲಿಂಗಾಯತ ವಿದ್ಯಾರ್ಥಿಬಳಗಕ್ಕೆ ಅದು ತನ್ನದೆನ್ನಬಹುದಾದ ಮನೆ. ಹುಡುಗರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು, ಓದಿದರು.

ಜಾತಿಗೊಂದು ಮನೆಯೆಂಬುದು ಇಂದಿನ ಕಿವಿಗೆ ಕಟುವಾಗಿ ಕೇಳಿಸುವುದು ಸಹಜ. ಬಸವಣ್ಣನವರ ಹೆಸರು ಹೇಳುವವರಿಗಂತೂ ಇದು ಚಿಂತನೀಯ. ಅಸ್ಪೃಶ್ಯರೆನಿಸಿದ ಮಕ್ಕಳಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ವಸತಿಗೃಹವೆಂಬ ಬೇರೆಯೇ ಮನೆ ಆಗಬೇಕಾಯಿತು. ದಾಸೋಹದ ಪಂಕ್ತಿಯು ಅಲ್ಲಿಯವರೆಗೆ ನೀಳವಾಗಲಿಲ್ಲ. ಆದರೂ ಬಾಗಿಲೇ ಇಲ್ಲದಿದ್ದವರಿಗೆ ಬಾಗಿಲು ದೊರೆತದ್ದನ್ನು ಹಗುರವಾಗಿ ಎಣಿಸಲಾಗದು.

ಮುಂದೆ ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರೂ ಕೊಲ್ಲಾಪುರಕ್ಕೇ ಹೋಗಿ ರಾಜಾರಾಮ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕಾನೂನು ಕಲಿತು, ಜಮಖಂಡಿಗೆ ಮರಳಿ ವಕೀಲಿ ಹಿಡಿದರು. 1977ರಲ್ಲಿ ಅವರು ಹಂಗಾಮಿ ರಾಷ್ಟ್ರಪತಿಗಳಾದರು.