ಅಟ್ಟದ ಕಾಯಿಯೂ ಮೇಲ್ಮನವಿಯ ವಿಚಾರಣೆಯೂ

ಮಾಯಸಂದ್ರ, ತುರುವೇಕೆರೆ, ತಿಪಟೂರು ಕಡೆಯ ಮನೆಗಳಲ್ಲಿ ಅಟ್ಟವೆಂಬುದು ವರ್ಷದ ಆದಾಯದ ಉಗ್ರಾಣ. ಸಿಪ್ಪೆಸಹಿತ ಏರಿಸಿದ ಕಾಯಿ ಎಂಟು ಹತ್ತು ತಿಂಗಳು ಅಲ್ಲಿಯೇ ಇದ್ದು, ಒಳಗಿನ ನೀರು ಇಂಗಿ, ಅಲುಗಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಈ ಮಧ್ಯೆ ಎಷ್ಟೋ ಕಾಯಿ ಕೊಳೆಯುತ್ತವೆ. ಕೆಲವು ಇಲಿಯ ಪಾಲಾಗುತ್ತವೆ. ನಮ್ಮ ಓದುಗ ಬಂಧುಗಳಿಗೆ ಇದನ್ನು ಹೇಳಬೇಕಾಗಿಲ್ಲ. ಹೇಳಬೇಕಾಗಿ ಬಂದದ್ದು ತೆರಿಗೆಯವರಿಗೆ.

ಮಾರಾಟ ತೆರಿಗೆಯಿದ್ದ ಕಾಲ, 1990ರ ದಶಕ. ಕಾಯಿ ಕೊಂಡು ಕೊಬ್ಬರಿ ಮಾಡಿ ಮಾರುತ್ತಿದ್ದ ನನ್ನ ಚಿಕ್ಕಪ್ಪನ ಮಗನಿಗೆ ಅಂದಾಜಿನ ಮೇಲೆ ತೆರಿಗೆ ಬಿದ್ದಿತು. ಕೊಂಡ ಕಾಯಿಯೆಲ್ಲವೂ ಕೊಬ್ಬರಿಯಾಗಿರಲೇಬೇಕು, ಕಡಿಮೆ ಬಿದ್ದದ್ದನ್ನು ಲೆಕ್ಕಕ್ಕೆ ತಾರದೆ ಮಾರಲಾಗಿದೆ ಎಂಬುದು ಅಧಿಕಾರಿಯೊಬ್ಬರ ಊಹೆ. ಇಲಾಖೆಯೊಳಗಿನ ಮೊದಲ ಮೇಲ್ಮನವಿ ನಿಲ್ಲಲಿಲ್ಲ. ಕಟ್ಟಬೇಕಾದ ಮೊತ್ತ ಮಗಳ ಮದುವೆಗೆಂದು ಕೂಡಿಟ್ಟದ್ದು. ಆದರೂ ಅವನು, "ಕಟ್ಟಿ ಕೈ ತೊಳ್ಕಂಡ್ ಬಿಡಾನ ಅಣ್ಣಯ್ಯ" ಎಂದ. ಕಚೇರಿಯ ಮೆಟ್ಟಿಲೆಂದರೆ ನಮ್ಮವರಿಗೆ ಅಷ್ಟು ಅಂಜಿಕೆ.

ಕಡೆಗೆ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋದೆವು. 1976ರ ಕಾಯಿದೆಯಂತೆ ರೂಪುಗೊಂಡ ಸಂಸ್ಥೆಯದು. ಪೀಠದಲ್ಲಿ ನ್ಯಾಯಾಂಗದಿಂದ ಬಂದವರೊಬ್ಬರು, ತೆರಿಗೆ ಇಲಾಖೆಯ ಅನುಭವವುಳ್ಳವರೊಬ್ಬರು. ಸರ್ಕಾರದ ಪರ ರಾಜ್ಯ ಪ್ರತಿನಿಧಿ. ನಮ್ಮ ಪರ ವಕೀಲರು. ಮೊದಲು ಮೇಲ್ಮನವಿದಾರನ ಮಾತು, ಆಮೇಲೆ ಸರ್ಕಾರದ ಉತ್ತರ, ಮತ್ತೆ ನಮಗೆ ಪ್ರತ್ಯುತ್ತರಕ್ಕೆ ಎಡೆ. ಮಠದ ಪಾಠಶಾಲೆಯಲ್ಲಿ ವಾಕ್ಯಾರ್ಥಕ್ಕೆ ಕುಳಿತಿದ್ದ ನನಗೆ ಈ ಕ್ರಮ ಅಪರಿಚಿತವೆನಿಸಲಿಲ್ಲ. ಅಲ್ಲಿಯೂ ಪೂರ್ವಪಕ್ಷವನ್ನು ಪೂರ್ತಿ ಕೇಳದೆ ಸಿದ್ಧಾಂತಕ್ಕೆ ಕೈಹಾಕುವಂತಿಲ್ಲ. ಆದರೆ ಸಭೆಯಲ್ಲಿ ಕಂಠಬಲವೂ ನಡೆದೀತು. ಇಲ್ಲಿ ಕಡತದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ!

ಪೀಠ ಕೇಳಿದ್ದು ಒಂದೇ ಪ್ರಶ್ನೆ: ಕೊಳೆತ ಕಾಯಿಗೆ ಲೆಕ್ಕವುಂಟೆ? ಅಟ್ಟ ಇಳಿಸುವಾಗ ಕೊಬ್ಬರಿಯೆಷ್ಟು, ಕೊಳೆತದ್ದೆಷ್ಟು ಎಂದು ನಮ್ಮ ಹುಡುಗ ಪೆನ್ಸಿಲಿನಲ್ಲಿ ಗೀಚಿಟ್ಟಿದ್ದ ಪುಸ್ತಕವನ್ನು ವಕೀಲರು ಮುಂದಿಟ್ಟರು. ಕೆಳಗಿನ ಹಂತದಲ್ಲಿ ಅದನ್ನು ಯಾರೂ ತೆರೆದಿರಲಿಲ್ಲ. ಅದನ್ನು ಪರಿಶೀಲಿಸಿ ಹೊಸದಾಗಿ ತೆರಿಗೆ ನಿರ್ಧರಿಸಬೇಕೆಂದು ಪ್ರಕರಣ ಹಿಂದಿರುಗಿತು. ಇದು ಗೆಲುವಲ್ಲ, ಆದರೆ ಸಂಗತಿಗಳನ್ನು ತೂಗಿ ನೋಡುವ ಕೊನೆಯ ಕಟ್ಟೆ ಅದೇ ಆಗಿತ್ತು. ಉಚ್ಚ ನ್ಯಾಯಾಲಯ ಆಮೇಲೆ ನೋಡುವುದು ಕಾನೂನಿನ ಪ್ರಶ್ನೆಯನ್ನು ಮಾತ್ರ. ಪೆನ್ಸಿಲಿನ ಪುಸ್ತಕ ಅಂದು ಮನೆಯಲ್ಲಿಯೇ ಉಳಿದಿದ್ದರೆ ಮತ್ತೆಲ್ಲಿಯೂ ಅದಕ್ಕೆ ಬೆಲೆಯಿರುತ್ತಿರಲಿಲ್ಲ.

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿದೆ. ಮೊದಲ ಮೇಲ್ಮನವಿಗೆ ಮೂರು ತಿಂಗಳ ಗಡುವು. ವಿವಾದಿತ ತೆರಿಗೆಯಲ್ಲಿ ಶೇ. 10ನ್ನು ಮುಂಗಡ ಕಟ್ಟಬೇಕು. ಒಬ್ಬ ಕಕ್ಷಿದಾರ ಮೂರಕ್ಕಿಂತ ಹೆಚ್ಚು ಬಾರಿ ವಾಯಿದೆ ಕೇಳುವಂತಿಲ್ಲ. ಎರಡನೆಯ ಮೇಲ್ಮನವಿಗಾಗಿ ಹೊಸ ನ್ಯಾಯಾಧಿಕರಣವು 2025ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಉದ್ಘಾಟನೆಗೊಂಡಿತು. ತೆಂಗಿನಕಾಯಿಗೆ ಈ ತೆರಿಗೆಯಿಲ್ಲ, ಕೊಬ್ಬರಿಗುಂಟು. ಆದುದರಿಂದ ಅಟ್ಟ ಇಳಿಸಿದ ದಿನ, ಕೊಬ್ಬರಿಯ ತೂಕ, ಕೊಳೆತ ಕಾಯಿಯ ಎಣಿಕೆ, ಇವನ್ನೆಲ್ಲ ನನ್ನ ತಮ್ಮನ ಮಗ ಈಗಲೂ ಬರೆದಿಡುತ್ತಾನೆ, ಪೆನ್ಸಿಲಿನಲ್ಲಲ್ಲ, ಶಾಯಿಯಲ್ಲಿ.