ಏಳನೆಯ ಪುಟ

ಸ್ನೇಹಿತನ ಕಾಗದವನ್ನು ಓದಿ ರುಜು ಹಾಕುವುದೆಂದರೆ ಸ್ನೇಹಿತನನ್ನೇ ಸಂಶಯಿಸಿದಂತೆ ಎಂದು ಚಿಕ್ಕಪೇಟೆಯ ಆ ರೇಷ್ಮೆ ವ್ಯಾಪಾರಿಗಳು ಭಾವಿಸಿದ್ದರು. ಮೂವತ್ತು ವರ್ಷ ಬಾಯಿಮಾತಿನ ಮೇಲೆಯೇ ಸೀರೆ ಕೊಂಡು ಹಣ ಸಲ್ಲಿಸಿದ ಗೆಳೆಯರು. ಅವರ ಅಂಗಡಿ ಕಂಪನಿಯಾಗಿ, ಮಗನು ಏಳು ಪುಟಗಳ ಕರಾರುಪತ್ರ ಕಳುಹಿಸಿದಾಗ ಓದುವುದೆಂತು? ಕನ್ನಡಕವನ್ನೂ ಏರಿಸದೆ ರುಜು ಬಿತ್ತು.

2021ರಲ್ಲಿ 14 ಲಕ್ಷ ರೂಪಾಯಿ ಬಾಕಿ ನಿಂತಿತು. ಸೀರೆಗಳು ಬಣ್ಣ ಬಿಡುತ್ತವೆಂದು ಅವರ ಆಕ್ಷೇಪಣೆ. ಆರು ತಿಂಗಳ ಮೇಲೆ ಬಣ್ಣದ ಮಾತೇಕೆಂದು ಇವರ ಪ್ರಶ್ನೆ. ಮನೆಯಲ್ಲಿ ಮಗಳ ಮದುವೆಗೆ ಛತ್ರ ಗೊತ್ತಾಗಿತ್ತು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಮಡದಿ ನೆನಪಿಸಿದರೂ ಶೆಟ್ಟರು ವಕೀಲರ ಮೆಟ್ಟಿಲು ಹತ್ತಿದರು.

ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯಕ್ಕೆ 2015ರ ಕಾಯಿದೆಯಂತೆ ಪ್ರತ್ಯೇಕ ನ್ಯಾಯಾಲಯವುಂಟು. ತುರ್ತು ಪರಿಹಾರ ಬೇಡದವರು ಮೊದಲು ರಾಜಿಸಂಧಾನಕ್ಕೆ ಹೋಗಬೇಕು, ಹೋದರು. ಎದುರಾಳಿ ಬರಲಿಲ್ಲ. ದಾವೆ ಹೂಡಿದ ಮೇಲೆ ಪ್ರತಿವಾದಿಯು ಸಮನ್ಸು ಮುಟ್ಟಿದ 120 ದಿನಗಳೊಳಗೆ ಉತ್ತರ ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆಂದು ಕೇಳಿ ಶೆಟ್ಟರಿಗೆ ಹಿಗ್ಗೋ ಹಿಗ್ಗು. ಪ್ರತಿವಾದಿಯಾದರೋ ಉತ್ತರವನ್ನೇ ಬರೆಯಲಿಲ್ಲ. ಏಳನೆಯ ಪುಟವನ್ನು ಮುಂದಿಟ್ಟನು. ವ್ಯಾಜ್ಯ ಬಂದರೆ ಪಂಚಾಯ್ತಿಯಿಂದಲೇ, ಅಂದರೆ ಆರ್ಬಿಟ್ರೇಷನ್‌ನಿಂದಲೇ, ತೀರ್ಮಾನವಾಗಬೇಕೆಂದು ಅಲ್ಲಿ ಬರೆದಿತ್ತು.

"ಸ್ವಾಮಿ, ನ್ಯಾಯ ಕೇಳಲು ಬಂದವನಿಗೆ ನ್ಯಾಯಾಲಯವೇ ಬಾಗಿಲು ತೋರಿಸುವುದುಂಟೆ?"

"ಬಾಗಿಲನ್ನು ತಾವೇ ಹಾಕಿಕೊಂಡಿದ್ದೀರಿ, ಶೆಟ್ಟರೇ. ರುಜು ತಮ್ಮದೇ ಅಲ್ಲವೆ?"

ವಕೀಲರ ಮಾತು ಕಟುವಾದರೂ ಸುಳ್ಳಲ್ಲ. ಇಂಥ ಒಪ್ಪಂದವಿದ್ದು, ಪ್ರತಿವಾದಿಯು ತನ್ನ ಮೊದಲ ಹೇಳಿಕೆಗೆ ತಡವಿಲ್ಲದೆ ಅದನ್ನು ತೋರಿಸಿದರೆ, 1996ರ ಕಾಯಿದೆಯ 8ನೆಯ ಕಲಮಿನಂತೆ ನ್ಯಾಯಾಲಯವು ಕಕ್ಷಿಗಾರರನ್ನು ಅತ್ತ ಕಳುಹಿಸಲೇಬೇಕು; ಒಪ್ಪಂದವೇ ಮೇಲುನೋಟಕ್ಕೆ ಅಸಿಂಧುವಾದರೆ ಮಾತ್ರ ವಿನಾಯಿತಿ. ಪಂಚಾಯ್ತುದಾರನನ್ನು ಕಂಪನಿಯೇ ನೇಮಿಸತಕ್ಕದ್ದೆಂದೂ ಆ ಪುಟ ಹೇಳುತ್ತಿತ್ತು. ಮಾವನ ಮನೆಯವರೇ ತಕ್ಕಡಿ ಹಿಡಿದಂತೆ! ಅದೃಷ್ಟವಶಾತ್, ಫಲದಲ್ಲಿ ಹಿತಾಸಕ್ತಿಯುಳ್ಳವನು ಏಕೈಕ ಪಂಚಾಯ್ತುದಾರನನ್ನು ತಾನೇ ನೇಮಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಹೈಕೋರ್ಟು ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರನ್ನು ನೇಮಿಸಿತು.

ವಿಚಾರಣೆ ಮೇಜಿನ ಸುತ್ತ ನಡೆಯಿತು. ಕಟಕಟೆಯಿಲ್ಲ, ಕೂಗುವ ಜವಾನನಿಲ್ಲ. ಸೀರೆಗಳನ್ನು ಹರಡಿ, ಒದ್ದೆ ಬಟ್ಟೆಯಿಂದ ಉಜ್ಜಿ ನೋಡಲಾಯಿತು. ಕಾಫಿ ಬಂದಾಗ ಹಳೆಯ ಗೆಳೆಯರು ತಲೆಯೆತ್ತದೆ ಹುಡುಗನಿಗೆ, "ಅವರಿಗೆ ಸಕ್ಕರೆ ಹಾಕಬೇಡಪ್ಪ" ಎಂದರು. ಶೆಟ್ಟರು ಅಂದು ಪಾಟೀಸವಾಲಿಗೆ ಸರಿಯಾಗಿ ಉತ್ತರಿಸಲಿಲ್ಲ.

ವರ್ಷದೊಳಗೆ ತೀರ್ಪಾಯಿತು: ಕೆಲವು ಸೀರೆಗಳ ಬೆಲೆ ಕಳೆದು, ಬಡ್ಡಿಯಲ್ಲದೆ 11 ಲಕ್ಷ. ಆ ವೇಳೆಗೆ ಮಗಳ ಮದುವೆ ಸಾಲದ ಹಣದಲ್ಲೇ ನಡೆದುಹೋಗಿತ್ತು. ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳು ಅವಕಾಶ. ಗಡುವು ಮುಗಿಯುವ ಮುನ್ನಾದಿನ ಕಂಪನಿಯ ಅರ್ಜಿ ಬಿತ್ತು. ಸಾಕ್ಷ್ಯವನ್ನು ಮತ್ತೆ ತೂಗುವ ಅಧಿಕಾರ ಅಲ್ಲಿ ನ್ಯಾಯಾಲಯಕ್ಕಿಲ್ಲ. 2015ರ ತಿದ್ದುಪಡಿಗೆ ಮೊದಲಾಗಿದ್ದರೆ ಅರ್ಜಿಯೊಂದರಿಂದಲೇ ಹಣ ತಡೆಯುತ್ತಿತ್ತು. ಈಗ ತಡೆಯಾಜ್ಞೆಯನ್ನು ಬೇರೆಯಾಗಿ ಬೇಡಬೇಕು. ಹಣವನ್ನು ಠೇವಣಿಯಿಡುವಂತೆ ಆಜ್ಞೆಯಾಯಿತು, ಠೇವಣಿಯೂ ಬಂತು.

ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ವಾಯಿದೆಯ ದಿನ ಮಗನ ಬದಲು ತಂದೆಯೇ ಬರುತ್ತಾರೆ. ಪಡಸಾಲೆಯಲ್ಲಿ ಫ್ಯಾನಿನ ಕೆಳಗಿರುವುದು ಒಂದೇ ಬೆಂಚು. ಇಬ್ಬರೂ ಅದರ ಎರಡು ತುದಿಗಳಲ್ಲಿ ಕುಳಿತು, ಹೆಸರು ಕರೆಯುವವರೆಗೆ ಕಾಯುತ್ತಾರೆ.