ಕಂಡವರು ತರಗತಿಗೆ ಬಂದಾಗ

ಡೊಂಬಿವಲಿಯಿಂದ ಅಂಬರನಾಥದತ್ತ ಸಾಗುವ ಲೋಕಲ್ ರೈಲು ಕಲ್ಯಾಣವನ್ನು ದಾಟಿದ ಮೇಲೆ ವಿಠಲವಾಡಿ, ಅನಂತರ ಉಲ್ಹಾಸನಗರ ಬರುತ್ತದೆ. ಬಟ್ಟೆಬರೆ, ಪೀಠೋಪಕರಣಗಳ ಖರೀದಿಗೆಂದು ಅಲ್ಲಿಗೆ ಹೋಗಿಬರುವ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅಲ್ಲಿನ ಬಡಾವಣೆಗಳಿಗೆ ‘ಕ್ಯಾಂಪ್ ನಂಬರ್ ಒಂದು’, ‘ಕ್ಯಾಂಪ್ ನಂಬರ್ ಐದು’ ಎಂಬ ಹೆಸರುಗಳೇಕೆ ಬಂದವೆಂದು ಕೇಳುವವರು ವಿರಳ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಟ್ಟಿದ್ದ ಕಲ್ಯಾಣ ಶಿಬಿರದ ಬರಾಕುಗಳಲ್ಲಿ, 1947ರ ವಿಭಜನೆಯ ನಂತರ, ಸಿಂಧ್ ಪ್ರಾಂತದಿಂದ ಬಂದ ಸುಮಾರು 1 ಲಕ್ಷ ನಿರಾಶ್ರಿತರು ನೆಲೆಗೊಂಡರು. 1949ರ ಆಗಸ್ಟ್ 8ರಂದು ರಾಜಗೋಪಾಲಾಚಾರಿಯವರು ಪಟ್ಟಣಕ್ಕೆ ಅಡಿಗಲ್ಲಿಟ್ಟರು. ಪಕ್ಕದ ಉಲ್ಹಾಸ ನದಿಯ ಹೆಸರು ಊರಿಗೂ ಬಂತು.

ಡೊಂಬಿವಲಿಯ ಶಾಲೆಯೊಂದರಲ್ಲಿ ನಾನು ಇತಿಹಾಸ ಕಲಿಸುತ್ತಿದ್ದ ದಿನಗಳಲ್ಲಿ, ಈ ಸಂಗತಿಯನ್ನು ಕಣ್ಣಾರೆ ಕಂಡವರೊಬ್ಬರ ಬಾಯಿಂದಲೇ ಮಕ್ಕಳಿಗೆ ಕೇಳಿಸಬೇಕೆಂಬ ಹಂಬಲ ಹುಟ್ಟಿತು. ಇದಕ್ಕೆ ಪ್ರೇರಣೆ ದೂರದ ಯುರೋಪಿನದು. 1961ರಲ್ಲಿ ಜೆರುಸಲೇಮಿನಲ್ಲಿ ನಡೆದ ಐಖ್‌ಮನ್ ವಿಚಾರಣೆಯಲ್ಲಿ, ನಾಜಿ ನರಮೇಧದಿಂದ ಬದುಕಿ ಉಳಿದ ಅನೇಕ ಯಹೂದಿಗಳು ಸಾಕ್ಷಿ ನುಡಿದರು. ಅದುವರೆಗೆ ಮನೆಯೊಳಗೂ ಆಡದಿದ್ದ ಮಾತುಗಳು ಲೋಕದ ಕಿವಿಗೆ ಬಿದ್ದವು. ಕಾಲಕ್ರಮದಲ್ಲಿ ಅಂಥವರನ್ನು ಶಾಲೆಗಳಿಗೆ ಕರೆಯುವ ಪರಿಪಾಠ ಬೆಳೆಯಿತು. ಮಾರ್ಗೋಟ್ ಫ್ರೀಡ್‌ಲೆಂಡರ್ ಎಂಬ ವೃದ್ಧೆ ನ್ಯೂಯಾರ್ಕಿನ ಆರು ದಶಕಗಳ ಬದುಕನ್ನು ಬಿಟ್ಟು, ತಮ್ಮ 88ನೆಯ ವಯಸ್ಸಿನಲ್ಲಿ ಬರ್ಲಿನ್ನಿಗೆ ಮರಳಿದರು. 2025ರಲ್ಲಿ, 103ರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ, ತಮ್ಮವರನ್ನು ಕೊಂದ ನಾಡಿನ ಮಕ್ಕಳ ಮುಂದೆಯೇ ಅವರು ತಮ್ಮ ಕಥೆ ಹೇಳುತ್ತಿದ್ದರು. ನಮ್ಮ ಥಾಣೆಯಲ್ಲೂ 1879ರ ಸಿನಗಾಗ್ ಇದೆ; ಆದರೆ ಅಲ್ಲಿ ಪ್ರಾರ್ಥಿಸುವ ಬೆನೆ ಇಸ್ರೇಲರ ಕುಟುಂಬಗಳು ಕೊಂಕಣದಲ್ಲಿ ತಲೆತಲಾಂತರದಿಂದ ಬಾಳಿದವು. ನಮ್ಮ ಪಾಲಿನ ಸಾಕ್ಷಿಗಳು ಇದ್ದದ್ದು ಉಲ್ಹಾಸನಗರದಲ್ಲಿ.

ಪರಿಚಯದ ಸಿಂಧಿ ಬಟ್ಟೆ ವ್ಯಾಪಾರಿಯೊಬ್ಬರನ್ನು ಕೇಳಿಕೊಂಡೆ. ಕರಾಚಿಯಿಂದ ಹಡಗಿನಲ್ಲಿ ಮುಂಬಯಿಗೆ ಬಂದಾಗ ಅವರಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು, “ಮಾಸಿದ ಗಾಯವನ್ನು ಕೆದಕುವುದೇಕೆ?” ಎಂದರು. ಆ ಪ್ರಶ್ನೆ ತಳ್ಳಿಹಾಕುವಂಥದಾಗಿರಲಿಲ್ಲ. ನಮ್ಮ ತರಗತಿಯಲ್ಲಿ ಇಬ್ಬರು ಮುಸ್ಲಿಂ ಮಕ್ಕಳಿದ್ದರು. ಹಿರಿಯರ ದುಃಖ ಕಿರಿಯರಲ್ಲಿ ದ್ವೇಷವಾಗಿ ಮೊಳೆತರೆ ಆ ಇಬ್ಬರು ಎಲ್ಲಿ ಕೂರಬೇಕು? ಈ ಅಳುಕನ್ನು ನಾನು ಆ ಹಿರಿಯರ ಮುಂದೆಯೇ ಇಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಂಡದ್ದನ್ನು ಹೇಳುತ್ತೇನೆ. ಕೇಳಿದ್ದನ್ನು ಹೇಳುವುದಿಲ್ಲ” ಎಂದರು.

ಆ ದಿನ ಅವರು ಮಾಡಿದ್ದು ಭಾಷಣವಲ್ಲ. ಮೊದಲಿಗೆ ಕರಿಹಲಗೆಯ ಮೇಲೆ ಬಲದಿಂದ ಎಡಕ್ಕೆ ತಮ್ಮ ಹೆಸರನ್ನು ಬರೆದರು. “ಇದು ಉರ್ದುವೇ?” ಎಂದು ಹುಡುಗನೊಬ್ಬ ಕೇಳಿದ. “ಅಲ್ಲಪ್ಪ, ಸಿಂಧಿ. ನನ್ನ ತಾಯಿಯ ಭಾಷೆ. ನನ್ನ ಮೊಮ್ಮಕ್ಕಳಿಗೆ ಇದನ್ನು ಓದಲು ಬಾರದು” ಎಂದರು. ಮನೆಯಲ್ಲಿ ಕನ್ನಡವಾಡಿ ಓದಲು ತಡವರಿಸುವ ನಮ್ಮ ಮಕ್ಕಳಿಗೆ ಅದು ಹೇಗೆ ತಟ್ಟಿತೋ, ತರಗತಿ ನಿಶ್ಶಬ್ದವಾಯಿತು. ಬೀದಿಯಲ್ಲಿ ಉರಿಯುತ್ತಿದ್ದ ಅಂಗಡಿ, ಬೀಗ ಹಾಕದೆಯೇ ಬಿಟ್ಟುಬಂದ ಮನೆ, ಬರಾಕಿನಲ್ಲಿ ಗೋಣಿಯ ಪರದೆ ಕಟ್ಟಿಕೊಂಡು ಬದುಕಿದ ಸಂಸಾರಗಳು, ನೀರಿನ ಸಾಲು, ಬಾಲ್ಯದಲ್ಲೇ ರೈಲಿನಲ್ಲಿ ಪೆಪ್ಪರ್‌ಮಿಂಟ್ ಮಾರಿದ್ದು, ಎಲ್ಲವನ್ನೂ ದನಿ ಏರಿಸದೆ ಹೇಳಿದರು. ಕೊನೆಗೆ ಆ ಇಬ್ಬರಲ್ಲಿ ಒಬ್ಬ ಹುಡುಗಿ ಎದ್ದು, “ದಾದಾಜಿ, ನಿಮಗೆ ನಮ್ಮವರ ಮೇಲೆ ಸಿಟ್ಟಿದೆಯೇ?” ಎಂದಳು.

“ಇತ್ತು ಮಗಳೇ, ಬಹಳ ವರ್ಷ ಇತ್ತು. ಆದರೆ ಗಲಭೆಯ ನಡುವೆ ನಮ್ಮನ್ನು ಬಂದರಿಗೆ ಮುಟ್ಟಿಸಿದ ಟಾಂಗಾವಾಲಾ ಕೂಡ ಮುಸಲ್ಮಾನನೇ. ಅಂಗಡಿಗೆ ಬೆಂಕಿ ಇಟ್ಟವರ ಮುಖ ನೆನಪಿದೆ, ಅವನ ಹೆಸರು ನೆನಪಿಲ್ಲ. ಈಗ ನನಗೆ ಹೆಚ್ಚು ನೋವು ಕೊಡುವುದು ಅದೇ” ಎಂದರು.

ಪಠ್ಯಪುಸ್ತಕ ಬೆಂಕಿಯ ಸಂಗತಿಯನ್ನೂ ಹೇಳಬಹುದು, ಟಾಂಗಾವಾಲಾನ ಸಂಗತಿಯನ್ನೂ ಹೇಳಬಹುದು. ಆದರೆ ಆ ಹುಡುಗಿ ಅದರ ಮುಂದೆ ಎದ್ದುನಿಂತು ಪ್ರಶ್ನೆ ಕೇಳಲಾರಳು. ಕಂಡವರನ್ನು ಶಾಲೆಗೆ ಕರೆಯುವುದರ ಸಾರ್ಥಕ್ಯ ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಅವರನ್ನು ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಕಣ್ಣೀರಿಗೆ ಕಾಯುವುದು ಅವರಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಮೊದಲೇ ಮಾತಾಡಿಕೊಂಡು, ಭೂಪಟವನ್ನು ತೋರಿಸಿ ಮಕ್ಕಳನ್ನು ಅಣಿಗೊಳಿಸಿ, ಹೇಳಲು ಒಲ್ಲದ್ದನ್ನು ಹೇಳದಿರುವ ಹಕ್ಕನ್ನು ಆ ಹಿರಿಯರಿಗೆ ಬಿಡಬೇಕು.

2021ರಿಂದ ಆಗಸ್ಟ್ 14ನ್ನು ವಿಭಜನೆಯ ಭೀಕರತೆಯ ಸ್ಮರಣ ದಿನವಾಗಿ ಆಚರಿಸಲಾಗುತ್ತಿದೆ. ದಿನವೇನೋ ಬಂದಿದೆ, ಹೇಳುವವರು ಕರಗುತ್ತಿದ್ದಾರೆ. ಅಂದು ಹತ್ತು ವರ್ಷದವರಾಗಿದ್ದವರು ಇಂದು 90ರ ಅಂಚಿನಲ್ಲಿದ್ದಾರೆ. ನಮ್ಮ ಆ ಹಿರಿಯರೂ ಈಗಿಲ್ಲ. ಅವರ ಮಾತನ್ನು ಕೇಳಿ ಮಕ್ಕಳು ಬರೆದ ಪುಟಗಳು ಇನ್ನೂ ನನ್ನ ಬಳಿ ಇವೆ. ಒಂದೊಂದು ಮಗುವೂ ಒಂದೊಂದು ಬೇರೆ ಸಂಗತಿಯನ್ನು ನೆನಪಿಟ್ಟುಕೊಂಡಿದೆ. ಕಲ್ಯಾಣ, ಉಲ್ಹಾಸನಗರ, ಥಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಕಟ್ಟಡದಲ್ಲಿ, ನಿಮ್ಮ ಪೇಟೆಯಲ್ಲಿ ಅಂಥ ಅಜ್ಜ ಅಜ್ಜಿಯರು ಇನ್ನೂ ಇದ್ದಾರು. ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಮನೆಯ ಬಾಗಿಲು ತಟ್ಟಿ.